ಕಾಲು ಇದ್ದಲ್ಲೇ ಇತ್ತು

ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿಯುವ ನಮಗೆ ಸೋಡರ್‌ಟೆಲ್ಯೆ ಎಂಬ ಊರಿನ ಪರಿಚಯವಾದದ್ದು ಡಬ್ಬಿಗಳ ಬದಿಯಿಂದ. ನೆಕ್ಸಿಯಂ ಮಾತ್ರೆಯ ಡಬ್ಬಿ ಇರಲಿ, ಉಬ್ಬಸದವರಿಗೆ ಕೊಡುವ ಸಿಂಬಿಕಾರ್ಟ್ ಇರಲಿ, ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಅದೇ ವಿಳಾಸ: ಆಸ್ಟ್ರಾಝೆನೆಕಾ, ಸೋಡರ್‌ಟೆಲ್ಯೆ, ಸ್ವೀಡನ್. ಹದಿನೈದು ವರ್ಷ ಆ ಹೆಸರನ್ನು ಕಪಾಟಿನಲ್ಲಿ ಜೋಡಿಸುತ್ತ ಬಂದಿದ್ದೇವೆ. ಆ ಊರಿಗೇ ಹೋಗಿ, ಒಂದು ಸಂಜೆಯಿಡೀ ಕಾರಿನ ಆಕ್ಸಿಲರೇಟರ್ ಪೆಡಲಿನ ಮುಂದೆ ಮಂಡಿಯೂರಿ ಕೂರುವುದು ಬಂದೀತೆಂದು ಮಾತ್ರ ಎಣಿಸಿರಲಿಲ್ಲ.

ಕಳೆದ ಜುಲೈಯಲ್ಲಿ ನಾವು ಗಂಡ ಹೆಂಡತಿ, ಜೊತೆಗೆ ಭಾವ, ಮೂವರು ಅಬುಧಾಬಿಯಿಂದ ಹೊರಟೆವು. ಅಕ್ಕ ಊರಿನಿಂದ ಬಂದು ಸೇರಿಕೊಂಡಳು. ಅವರ ಮಗ, ನಮ್ಮ ಸೋದರಳಿಯ, ಸೋಡರ್‌ಟೆಲ್ಯೆಯಲ್ಲಿ ಎಂಜಿನಿಯರ್. ಟಿಕೆಟ್ ಅವನೇ ಕಳಿಸಿದ್ದ. ಭಾವ ಮೂವತ್ತು ವರ್ಷಕ್ಕೂ ಮೇಲೆ ಸ್ಟಿಯರಿಂಗ್ ಹಿಡಿದವರು. ಮೊದಲು ಶಿರಾಡಿ ಘಾಟಿಯಲ್ಲಿ ಲಾರಿ, ಆಮೇಲೆ ಗಲ್ಫಿನಲ್ಲಿ ಟ್ರೇಲರ್. ಅಪ್ಪ ಲಾರಿ ಓಡಿಸಿ ಓದಿಸಿದ ಹುಡುಗ ಲಾರಿಗಳ ಊರಿನಲ್ಲೇ ಕೆಲಸಕ್ಕೆ ಸೇರಿದ್ದು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿ ಹೇಳಿ ಹಳಸಿದ ಮಾತು. ಹುಡುಗನಿಗೆ ಅದನ್ನು ಕೇಳಿದರೆ ನಾಚಿಕೆ.

ಊರು ಸ್ಟಾಕ್‌ಹೋಮಿನಿಂದ ಸುಮಾರು 35 ಕಿಲೋಮೀಟರು, ನೈಋತ್ಯಕ್ಕೆ. ನಡುವೆ ಒಂದು ಕಾಲುವೆ. ಅದರಲ್ಲಿ ಹಡಗುಗಳು ಬೀಗದ ಕಟ್ಟೆ ಹತ್ತಿ ಇಳಿದು ಮೇಲಾರೆನ್ ಸರೋವರಕ್ಕೆ ಹೋಗುತ್ತವೆ. ಉಳಿದಂತೆ ಅದು ಎರಡು ಕಸುಬಿನ ಊರು: ಮಾತ್ರೆ ಮತ್ತು ಲಾರಿ. ಆಸ್ಟ್ರಾ ಔಷಧ ಕಂಪನಿ ಅಲ್ಲಿ ಹುಟ್ಟಿದ್ದು 1913ರಲ್ಲಿ. ಅದಕ್ಕೂ ಮೊದಲೇ, 1891ರಲ್ಲಿ, ವಾಬಿಸ್ ಎಂಬ ರೈಲು ಡಬ್ಬಿಯ ಕಾರ್ಖಾನೆ ಶುರುವಾಗಿತ್ತು. 1911ರಲ್ಲಿ ಅದು ಮಾಲ್ಮೋದ ಸ್ಕಾನಿಯಾ ಜೊತೆ ಕೂಡಿತು. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2015ರಲ್ಲಿ ಬಸ್ ಕಾರ್ಖಾನೆ ತೆರೆದದ್ದು ಇದೇ ಸ್ಕಾನಿಯಾ. ಭಾವನಿಗೆ ಸ್ಟಾಕ್‌ಹೋಮಿನ ಅರಮನೆ ಬೇಡ, ಹಡಗಿನ ಮ್ಯೂಸಿಯಂ ಬೇಡ. ಮಾರ್ಕುಸ್ ವಾಲೆನ್‌ಬೆರಿ ಹಾಲ್ ಎಂಬಲ್ಲಿ ಸ್ಕಾನಿಯಾದ ಹಳೆಯ ಲಾರಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅಲ್ಲಿ ಮಧ್ಯಾಹ್ನವಿಡೀ ಒಂದೊಂದರ ಕ್ಯಾಬಿನ್ನಿಗೂ ಇಣುಕುತ್ತ ಕಳೆದರು.

ಮೂರನೆಯ ದಿನ ಟ್ರೋಸಾ ಎಂಬ ಕಡಲ ಬದಿಯ ಸಣ್ಣ ಊರು ನೋಡಲು ಹೊರಟೆವು. ಕಾರು ಹುಡುಗನದು. 2008ರ ಮಾದರಿಯ, ಎರಡನೆಯ ಕೈಯ ಡೀಸೆಲ್ ಕಾರು. ಯಾವ ಕಂಪನಿಯದೆಂದು ಬರೆಯುವುದು ಬೇಡ, ಆ ವಯಸ್ಸಿನ ಯಾವ ಕಾರಿಗೂ ಆಗಬಹುದಾದದ್ದೇ ಆಯಿತು. ಇ 4 ಹೆದ್ದಾರಿಯಲ್ಲಿ 110ರಲ್ಲಿ ಹೋಗುತ್ತಿದ್ದೆವು, ಐದು ಜನ, ಹಿಂದೆ ತಿಂಡಿಯ ಚೀಲ. ಒಂದು ಸಣ್ಣ ಏರು. ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಕಾರು ಸೊರಗಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಹುಡುಗ ಪೆಡಲ್ ತುಳಿಯುತ್ತಿದ್ದಾನೆ, ಎಂಜಿನ್ನಿಗೆ ಅದು ಕೇಳಿಸುತ್ತಿಲ್ಲ. ಹಿಂದೆ ಬರುತ್ತಿದ್ದ ಲಾರಿ ದೀಪ ಮಿನುಗಿಸಿತು. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

ಮುಂದಿನ ಸೀಟಿನಲ್ಲಿದ್ದ ಭಾವ ಒಂದು ಮಾತೂ ಆಡಲಿಲ್ಲ. ಹುಡುಗ ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಚ್ಚಿದ. ಕಾರು ಏನೂ ಆಗದ ಹಾಗೆ ಸರಿಯಾಗಿ ಓಡಿತು. ಆಗ ಭಾವ ಹೇಳಿದರು, "ಇದೇ ಮಾರಾಯ, ಇದೇ. ಆವತ್ತು ಆದದ್ದು ಇದೇ."

ಆವತ್ತು ಅಂದರೆ ಏನೆಂದು ನಮಗೆ ಗೊತ್ತಿತ್ತು, ಹುಡುಗನಿಗೆ ಪೂರ್ತಿ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಆಗಸ್ಟ್ ತಿಂಗಳಿನಲ್ಲಿ, ಗುವೈಫಾತ್ ಗಡಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಪೈಪ್ ತುಂಬಿದ ಟ್ರೇಲರ್ ಹೀಗೆಯೇ ದಿಢೀರನೆ ಸೊರಗಿತ್ತು. ಹಿಂದಿನ ಲಾರಿಯವನು ತಪ್ಪಿಸಲು ಹೋಗಿ ಟ್ರೇಲರಿನ ಮೂಲೆಗೆ ಒರೆಸಿಕೊಂಡು ಹೋದ. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಆದರೆ ಕಂಪನಿಯ ಜನ ಬಂದು ಕೀ ತಿರುಗಿಸಿದರೆ ಗಾಡಿ ಚೆನ್ನಾಗಿಯೇ ಓಡಿತು. ಗ್ಯಾರೇಜಿನವರು ಮೊದಲು ಇದ್ದಬದ್ದ ಕೋಡುಗಳನ್ನೆಲ್ಲ ಅಳಿಸಿದರು, ಆಮೇಲೆ ಪರೀಕ್ಷೆ ಮಾಡಿದರು, ಆಮೇಲೆ "ದೋಷ ಕಂಡುಬಂದಿಲ್ಲ" ಎಂದು ಚೀಟಿ ಬರೆದರು. ಚೀಟಿಯ ಅರ್ಥವನ್ನು ಆಫೀಸಿನವರು ಬಿಡಿಸಿದರು: ಗಾಡಿಯಲ್ಲಿ ದೋಷ ಇಲ್ಲವೆಂದರೆ ಡ್ರೈವರಿನಲ್ಲಿ ಇರಬೇಕು, ನಿದ್ದೆ ತೂಗಿ ಕಾಲು ಸಡಿಲಾಗಿರಬೇಕು. "ಕಾಲು ತೆಗೀಲಿಲ್ಲ, ಕಾಲು ಇದ್ದಲ್ಲೇ ಇತ್ತು" ಎಂದು ಭಾವ ಹಿಂದಿಯಲ್ಲಿ, ಅರಬ್ಬಿಯಲ್ಲಿ, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದರು. ಆರು ತಿಂಗಳು ಸಂಬಳದಲ್ಲಿ ಕಂತು ಹಿಡಿದರು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ದೂರದ ಲೈನಿನಿಂದ ತೆಗೆದು ಯಾರ್ಡಿನಲ್ಲಿ ಟ್ರೇಲರ್ ಹಿಂದೆ ಮುಂದೆ ಮಾಡುವ ಕೆಲಸಕ್ಕೆ ಹಾಕಿದ್ದು. ಕ್ಯಾಂಪಿನಲ್ಲಿ ಹೊಸ ಹುಡುಗರು "ನಿದ್ದೆ ಅಣ್ಣ" ಎಂದು ಹೆಸರಿಟ್ಟದ್ದು ನಮಗೂ ಕೇಳಿಸಿತ್ತು.

ಟ್ರೋಸಾ ಅಂದು ನೋಡಲಿಲ್ಲ. ನಿಧಾನವಾಗಿ ಸೋಡರ್‌ಟೆಲ್ಯೆಗೆ ಮರಳಿದೆವು.

ಶಿರಾಡಿ ಕಾಲದ ಲಾರಿಯಲ್ಲಿ ಆಕ್ಸಿಲರೇಟರ್ ಎಂದರೆ ತಂತಿ ಅಥವಾ ಕಂಬಿ. ತುಳಿದರೆ ಎಳೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ತಿರುಗಿ ತರುತ್ತದೆ. ತಂತಿ ತುಂಡಾದರೆ ಹಗ್ಗ ಕಟ್ಟಿ ಕಿಟಕಿಯಿಂದ ಕ್ಲೀನರಿನ ಕೈಗೆ ಕೊಟ್ಟು ಘಾಟಿ ಹತ್ತಿಸಿದ ಕತೆ ಭಾವನ ಹತ್ತಿರ ಎರಡು ಮೂರಿವೆ. ಈಗಿನ ಗಾಡಿಗಳಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ತಂತಿಯ ನಂಟಿಲ್ಲ. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್ ಇದೆ. ಕಾಲು ಎಷ್ಟು ಒತ್ತಿದೆ ಎಂಬುದನ್ನು ಅದು ವೋಲ್ಟಿನ ಲೆಕ್ಕದಲ್ಲಿ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಎಂಜಿನ್ನಿಗೆ ಹೇಳುತ್ತದೆ. ಅಂದರೆ ನಾವು ತುಳಿಯುವುದು ಬರೀ ಒಂದು ಅರ್ಜಿ.

ಅರ್ಜಿ ತಪ್ಪಾಗಿ ಓದಿಹೋದರೆ ಗಾಡಿ ತಾನಾಗಿ ಓಡಿಬಿಡಬಹುದು. ಅದಕ್ಕಾಗಿ ಒಂದೇ ಪೆಡಲಿನೊಳಗೆ ಎರಡು ಸೆನ್ಸರ್ ಇಡುತ್ತಾರೆ. ಪ್ರತಿಯೊಂದಕ್ಕೂ ಬೇರೆ 5 ವೋಲ್ಟಿನ ತಂತಿ, ಬೇರೆ ನೆಲದ ತಂತಿ, ಬೇರೆ ಸಂಕೇತದ ತಂತಿ, ಒಟ್ಟು ಆರು. ಹುಡುಗನ ಕಾರಿನಲ್ಲಿ ಕಾಲು ಇಡದಾಗ ಮೊದಲನೆಯದು 0.8 ವೋಲ್ಟ್ ಹೇಳಿದರೆ ಎರಡನೆಯದು 0.4. ಪೂರ್ತಿ ಒತ್ತಿದಾಗ 3.8 ಮತ್ತು 1.9. ಯಾವಾಗಲೂ ಒಂದರ ಅರ್ಧ ಇನ್ನೊಂದು. ಬೇರೆ ಕೆಲವು ಗಾಡಿಗಳಲ್ಲಿ ಅರ್ಧದ ಲೆಕ್ಕದ ಬದಲು ಎರಡರ ನಡುವೆ ಒಂದೇ ಅಂತರ ಇಟ್ಟಿರುತ್ತಾರೆ. ಲೆಕ್ಕ ಯಾವುದೇ ಇರಲಿ, ಕಂಪ್ಯೂಟರ್ ಎರಡನ್ನೂ ಹೋಲಿಸುತ್ತಲೇ ಇರುತ್ತದೆ. ತಾಳೆಯಾಗದಿದ್ದರೆ ಯಾವುದು ನಿಜ, ಯಾವುದು ಸುಳ್ಳು ಎಂದು ವಿಚಾರಣೆ ಮಾಡುತ್ತ ಕೂರುವುದಿಲ್ಲ. ಎಂಜಿನ್ನಿನ ಶಕ್ತಿ ಕಡಿತಗೊಳಿಸಿ, ದೀಪ ಹಚ್ಚಿ, ಕೋಡ್ ಬರೆದಿಡುತ್ತದೆ. ಗಾಡಿ ಕುಂಟುತ್ತ ಮನೆ ಸೇರಲಿ ಎಂಬ ಏರ್ಪಾಡು.

ಇದನ್ನು ಹುಡುಗ ವಿವರಿಸುವಾಗ ನಮಗೆ ಹೊಸದೆನಿಸಲಿಲ್ಲ. ನಮ್ಮ ಔಷಧ ವಿಭಾಗದಲ್ಲಿ ಹೆಪಾರಿನ್, ಇನ್ಸುಲಿನ್, ಗಟ್ಟಿ ಪೊಟ್ಯಾಸಿಯಂ ಕ್ಲೋರೈಡ್ ಇಂಥವು ಹೊರಗೆ ಹೋಗುವ ಮುನ್ನ ಇಬ್ಬರು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಒಬ್ಬರ ಕಾಗದ ಇನ್ನೊಬ್ಬರು ನೋಡಬಾರದು. ಎರಡು ಉತ್ತರ ಬೇರೆಯಾದರೆ ಔಷಧ ಕೌಂಟರ್ ದಾಟುವುದಿಲ್ಲ, ವಾರ್ಡಿನಿಂದ ಎಷ್ಟೇ ಫೋನ್ ಬರಲಿ. ತಡವಾಗುವುದು ಬೈಗುಳ ತರುತ್ತದೆ, ತಪ್ಪಾಗುವುದು ಜೀವ ತೆಗೆಯುತ್ತದೆ. ಪೆಡಲ್ ಮಾಡಿದವರೂ ಹೀಗೇ ಯೋಚಿಸಿದ್ದಾರೆ. ಒಂದು ವ್ಯತ್ಯಾಸ ಉಂಟು. ನಮ್ಮಲ್ಲಿ ಲೆಕ್ಕ ತಾಳೆಯಾಗದಿದ್ದರೆ ರೋಗಿಯನ್ನು ಯಾರೂ ಬೈಯುವುದಿಲ್ಲ.

ಊಟದ ಮೇಲೆ ಕೆಲಸ ಶುರು. ಜುಲೈಯಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಹುಡುಗ ತನ್ನ ಬೆರಳುದ್ದದ ಸಾಧನ ಚುಚ್ಚಿ ಫೋನಿನಲ್ಲಿ ಕೋಡ್ ಓದಿದ: ಪಿ 2138. ಪೆಡಲಿನ ಎರಡು ಸೆನ್ಸರುಗಳ ಮಾತು ತಾಳೆಯಾಗಿಲ್ಲ ಎಂದರ್ಥ. ಅದರ ಜೊತೆ ದೋಷ ಬಂದ ಗಳಿಗೆಯ ಚಿತ್ರವೂ ದಾಖಲಾಗಿತ್ತು, ವೇಗ 109, ಎಂಜಿನ್ ಬಿಸಿಯಾಗಿತ್ತು ಇತ್ಯಾದಿ. ಅಳಿಸುವ ಮುನ್ನ ಅವನು ಅದನ್ನೆಲ್ಲ ಫೋಟೊ ತೆಗೆದಿಟ್ಟುಕೊಂಡ. ಭಾವ ಇದನ್ನು ಗಮನವಿಟ್ಟು ನೋಡಿದರು.

"ಹಾಗಾದರೆ ಪೆಡಲ್ ಬದಲಿಸಿದರಾಯ್ತಲ್ಲ," ಎಂದೆವು. ಮುಸಫ್ಫಾದ ಯಾವ ಗ್ಯಾರೇಜಿಗೆ ಹೋದರೂ ಅದೇ ಉತ್ತರ ಸಿಗುತ್ತದೆ, ಅದೂ ಪೆಡಲ್ ಜೊತೆಗೆ ಥ್ರಾಟಲ್ಲೂ ಸೇರಿ. ಹುಡುಗ ತಲೆ ಅಲ್ಲಾಡಿಸಿದ. ಕೋಡ್ ಹೇಳುವುದು ಜಗಳ ಆಯಿತು ಎಂದು ಮಾತ್ರ, ತಪ್ಪು ಯಾರದೆಂದು ಅಲ್ಲ. ಜ್ವರ ಎಂದರೆ ರೋಗದ ಹೆಸರಲ್ಲ ಎಂಬುದು ನಮ್ಮ ಕಸುಬಿನಲ್ಲೂ ಉಂಟು. ಸೆನ್ಸರ್ ಕೆಟ್ಟಿರಬಹುದು, ತಂತಿ ಒಳಗೆ ಮುರಿದಿರಬಹುದು, ಕನೆಕ್ಟರ್ ಹಸಿರುಗಟ್ಟಿರಬಹುದು, ನೆಲದ ತಂತಿ ಸಡಿಲವಿರಬಹುದು. ಕೆಲವು ಗಾಡಿಗಳಲ್ಲಿ ಅದೇ 5 ವೋಲ್ಟನ್ನು ಇನ್ನೊಂದು ಸೆನ್ಸರಿನ ಜೊತೆ ಹಂಚಿಕೊಂಡಿರುತ್ತಾರೆ, ಆ ಬೇರೆ ಸೆನ್ಸರ್ ಸುಟ್ಟರೂ ಪೆಡಲಿನ ಮೇಲೆ ಹೆಸರು ಬರುತ್ತದೆ. ಪೆಡಲ್ ಬದಲಿಸಿಯೂ ದೀಪ ಆರದೆ, ಕೊನೆಗೆ ಐದು ಪೈಸೆಯ ತಂತಿಯಲ್ಲಿ ದೋಷ ಸಿಕ್ಕ ಕತೆ ಪ್ರತಿ ಗ್ಯಾರೇಜಿನಲ್ಲೂ ಉಂಟು.

ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಯನ್ನು ಮಾತ್ರ ಆನ್ ಮಾಡಿದ. ಎಂಜಿನ್ ಓಡುತ್ತಿರುವಾಗ ಈ ಕೆಲಸ ಮಾಡಬಾರದು. ಪೆಡಲಿನ ಕನೆಕ್ಟರ್ ಕಾಲಿಡುವ ಜಾಗದಲ್ಲೇ ಇರುತ್ತದೆ. ಸ್ವೀಡನ್ನಿನಲ್ಲಿ ಚಳಿಗಾಲದ ಬೂಟಿನ ಹಿಮ ಕರಗಿ, ರಸ್ತೆಗೆ ಹಾಕಿದ ಉಪ್ಪಿನ ಜೊತೆ ಅಲ್ಲಿಗೇ ಇಳಿಯುತ್ತದೆ. ನಮ್ಮ ಕಡೆ ಹಿಮವಿಲ್ಲ ನಿಜ, ಆದರೆ ಕಾರು ತೊಳೆಯುವವರು ಮ್ಯಾಟ್ ತೆಗೆದು ಪೈಪಿನಿಂದ ನೀರು ಬಿಡುತ್ತಾರಲ್ಲ, ಅದೂ ಅಲ್ಲಿಗೇ. ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ನುಗಳು ಶುಭ್ರವಾಗಿದ್ದವು. ಮತ್ತೆ ಸಿಕ್ಕಿಸಿ, ತಂತಿಯ ಹೊದಿಕೆ ಚುಚ್ಚದೆ, ಕನೆಕ್ಟರಿನ ಹಿಂಬದಿಯಿಂದ ಮೀಟರ್ ತಾಗಿಸಬೇಕು. ಅದಕ್ಕೆ ತೆಳುವಾದ ಸೂಜಿ ಬೇಕು. ಅವನ ಸೂಜಿ ಆಫೀಸಿನಲ್ಲಿ ಉಳಿದಿತ್ತು. ಅಕ್ಕ ಸೆರಗಿನ ಪಿನ್ನು ತೆಗೆದು ಕೊಟ್ಟಳು, ಸಾಲದೆಂದು ಪೆಟ್ಟಿಗೆಯಿಂದ ಇನ್ನೂ ನಾಲ್ಕು ತಂದಳು. ಮುಂದಿನ ಎಲ್ಲ ಪರೀಕ್ಷೆ ನಡೆದದ್ದು ಅದರಲ್ಲೇ.

ಎರಡು 5 ವೋಲ್ಟಿನ ತಂತಿಗಳೂ ಸರಿ, 5.02 ಮತ್ತು 5.01. ನೆಲದ ತಂತಿಗಳಲ್ಲಿ ಸೋರಿಕೆ ಇಲ್ಲವೆಂಬಷ್ಟು ಕಡಿಮೆ. ತಂತಿಯ ಕಟ್ಟನ್ನು ಹಿಡಿದು ಅಲ್ಲಾಡಿಸಿದ, ಬಾಗಿಸಿದ, ಎಳೆದ, ಸಂಖ್ಯೆ ಕದಲಲಿಲ್ಲ. ಹಾಗಾದರೆ ತಂತಿಯದಲ್ಲ. ಇನ್ನು ಉಳಿದದ್ದು ಸೆನ್ಸರ್. ಪೆಡಲನ್ನು ಕೈಯಲ್ಲಿ ಒತ್ತಿ ಬಿಟ್ಟ. 0.8ರಿಂದ 3.8, 0.4ರಿಂದ 1.9. ಮತ್ತೆ ಒತ್ತಿದ. ಇಪ್ಪತ್ತು ಸಲ. ಪ್ರತಿ ಸಲವೂ ಲೆಕ್ಕ ತಾಳೆ.

ಗ್ಯಾರೇಜಿನ ಚೀಟಿಯಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆಯುವುದು ಇಲ್ಲಿಯೇ. ಬರೆದವನು ಸುಳ್ಳು ಹೇಳಿದನೆನ್ನಲು ಬರುವುದಿಲ್ಲ, ಅವನು ಇಲ್ಲಿಗೆ ನಿಲ್ಲಿಸಿದ, ಅಷ್ಟೇ.

ಈ ಹಳೆಯ ಮಾದರಿಯ ಸೆನ್ಸರಿನೊಳಗೆ ಇಂಗಾಲದ ಒಂದು ಪಟ್ಟಿ, ಅದರ ಮೇಲೆ ಜಾರುವ ಒಂದು ಲೋಹದ ಬೆರಳು. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿ ತಿರುಗಿಸುವಾಗ ಒಂದು ಜಾಗದಲ್ಲಿ ಕರಕರ ಎಂದು ಸದ್ದು ಹೋಗಿ ಬರುತ್ತಿತ್ತಲ್ಲ, ಒಳಗೆ ಇರುವುದು ಅದೇ ಯಂತ್ರ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಹೊಸ ಪೆಡಲುಗಳಲ್ಲಿ ಬೆರಳಿಲ್ಲ, ಅಯಸ್ಕಾಂತ ದೂರದಿಂದಲೇ ಕೆಲಸ ಮಾಡುತ್ತದೆ, ಸವೆಯುವ ಮಾತಿಲ್ಲ. ಸವೆದ ಜಾಗ ಕೂದಲಷ್ಟು ಅಗಲ ಇದ್ದರೆ, ಸರ್ರನೆ ಒತ್ತಿ ಬಿಟ್ಟಾಗ ಬೆರಳು ಅದನ್ನು ಹಾರಿಬಿಡುತ್ತದೆ. ಕಾರಿನ ಕಂಪ್ಯೂಟರ್ ಸೆಕೆಂಡಿಗೆ ಹತ್ತಾರು ಬಾರಿ ನೋಡುತ್ತದೆ, ಫೋನಿಗೆ ಜೋಡಿಸುವ ಅಗ್ಗದ ಸಾಧನ ಒಂದೋ ಎರಡೋ ಬಾರಿ. ಆದ್ದರಿಂದ ಕಾರಿಗೆ ಕಂಡದ್ದು ಫೋನಿಗೆ ಕಾಣದು. ಹುಡುಗ ತನ್ನ ಅಂಗೈಯಗಲದ ಆಸಿಲೊಸ್ಕೋಪ್ ತಂದ. ಇಸಿಜಿಯ ಹಾಗೆ ಗೆರೆ ಬರೆಯುವ ಯಂತ್ರ. ಎರಡು ಗೆರೆ, ಹಳದಿ ಮೊದಲನೆಯ ಸೆನ್ಸರಿಗೆ, ನೀಲಿ ಎರಡನೆಯದಕ್ಕೆ. ನಿಧಾನವಾಗಿ ಪೆಡಲ್ ಒತ್ತುತ್ತ ಹೋದ. ಗೆರೆಗಳು ಏರಿದವು, ಇಳಿದವು, ನಯವಾಗಿಯೇ.

ಅಷ್ಟು ಹೊತ್ತು ಬಾಗಿಲಿನ ಬಳಿ ಸುಮ್ಮನೆ ನಿಂತಿದ್ದ ಭಾವ, "ಸ್ವಲ್ಪ ಏಳು ನೋಡುವ" ಎಂದರು. ಸೀಟಿನಲ್ಲಿ ಕೂತು, ಸೀಟನ್ನು ತಮಗೆ ಬೇಕಾದಷ್ಟು ಹಿಂದೆ ಸರಿಸಿ, ಚಪ್ಪಲಿ ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟರು. "ನೀನು ಕೈಯಲ್ಲಿ ಒತ್ತಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಗಾಡಿ ಲೈನಿನಲ್ಲಿ ಓಡುವಾಗ ಕಾಲು ಒತ್ತುವುದೂ ಇಲ್ಲ, ಬಿಡುವುದೂ ಇಲ್ಲ. ಒಂದೇ ಕಡೆ ಇರುತ್ತದೆ. ರಸ್ತೆ ನಡುಗಿದ ಹಾಗೆ ತಾನೂ ನಡುಗುತ್ತದೆ." ಕಣ್ಣು ಮುಚ್ಚಿದರೋ ಏನೋ, ನಾವು ಸ್ಕ್ರೀನ್ ನೋಡುತ್ತಿದ್ದೆವು. ಹಳದಿ ಗೆರೆ 1.6ರಲ್ಲಿ ನಿಂತಿತು, ನೀಲಿ 0.8ರಲ್ಲಿ. ಒಂದು ನಿಮಿಷ. ಎರಡು ನಿಮಿಷ. ಯಾರೂ ಮಾತಾಡಲಿಲ್ಲ. ನೀಲಿ ಗೆರೆ ಥಟ್ಟನೆ ಶೂನ್ಯಕ್ಕೆ ಬಿದ್ದು ಎದ್ದಿತು. ಮತ್ತೆ ನೆಟ್ಟಗಾಯಿತು. ಮತ್ತೊಮ್ಮೆ ಬಿತ್ತು.

ಹಳದಿ ಗೆರೆ ಕದಲಿರಲಿಲ್ಲ. ಹುಡುಗ ಗೆರೆಯನ್ನು ಅಲ್ಲಿಯೇ ನಿಲ್ಲಿಸಿ, ಅಪ್ಪನ ಕಡೆ ಸ್ಕ್ರೀನ್ ತಿರುಗಿಸಿದ. ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ ಎಂದು ಕಾಣುತ್ತದೆ, ಬರೀ ಬೆರಳಿಟ್ಟು ತೋರಿಸಿದ. ನೀಲಿ ಬಿದ್ದ ಆ ಗಳಿಗೆಯಲ್ಲಿ ಹಳದಿ ಹೇಳುತ್ತಿದೆ, ಕಾಲು ಇದ್ದಲ್ಲೇ ಇತ್ತೆಂದು. ಭಾವ ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನನ್ನು ಕರೆದು ಅವಳಿಗೂ ತೋರಿಸಿದರು.

ಹುಡುಗ ಕಾರಣವನ್ನೂ ಹೇಳಿದ. ಹಿಂದಿನ ಮಾಲೀಕ ಹೆದ್ದಾರಿಯಲ್ಲೇ ದಿನವೂ ಕೆಲಸಕ್ಕೆ ಹೋಗಿಬರುತ್ತಿದ್ದವನು. ಒಂದೇ ವೇಗ, ಒಂದೇ ಕಾಲು, ಒಂದೇ ಜಾಗ. ಪಟ್ಟಿ ಸವೆದದ್ದು ಕಾಲು ಹೆಚ್ಚು ಹೊತ್ತು ನಿಂತಲ್ಲಿ. ಎಗರಾಡಿ ಓಡಿಸುವವನ ಪೆಡಲ್ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಹದವಾಗಿ ಓಡಿಸುವವನದು ಒಂದೇ ಕಡೆ ತೂತಾಗುತ್ತದೆ. ಭಾವನ ಟ್ರೇಲರಿನಲ್ಲಿ ಆದದ್ದು ಇದೇ ಎಂದು ಈಗ ಯಾರೂ ಸಿದ್ಧಪಡಿಸಲಾರರು, ಆ ಗಾಡಿಯ ಕೋಡು ಅಂದೇ ಅಳಿಸಿಹೋಗಿದೆ. ಆದರೆ ಕಾಲು ತೆಗೆಯದೆಯೇ ಗಾಡಿ ಸೊರಗಬಹುದು, ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಓಡಬಹುದು ಎಂಬಷ್ಟು ಮಾತ್ರ ಆ ಸಂಜೆ ಕಣ್ಣಾರೆ ಕಂಡಿತು.

ಡ್ರೈವರಿನ ಮಾತೇ ಯಾವಾಗಲೂ ಸತ್ಯ ಎಂದು ನಾವು ಇಲ್ಲಿ ವಾದಿಸುತ್ತಿಲ್ಲ. ಯಂತ್ರದ ದಾಖಲೆ ಎರಡೂ ಕಡೆ ಕೊಯ್ಯುತ್ತದೆ. 2009, 2010ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗಿ ಓಡುತ್ತವೆಂಬ ದೂರು ಎದ್ದಾಗ ಅಲ್ಲಿನ ಸರ್ಕಾರ ನಾಸಾದ ಎಂಜಿನಿಯರುಗಳಿಂದ ತನಿಖೆ ಮಾಡಿಸಿತು. 2011ರ ಫೆಬ್ರವರಿಯಲ್ಲಿ ವರದಿ ಬಂತು. ಅಪಾಯಕಾರಿ ವೇಗಕ್ಕೆ ಎಲೆಕ್ಟ್ರಾನಿಕ್ ದೋಷವೇ ಕಾರಣವೆನ್ನಲು ಸಾಕ್ಷ್ಯ ಸಿಗಲಿಲ್ಲ. ಪೆಡಲಿಗೆ ಸಿಕ್ಕಿಕೊಳ್ಳುವ ಮ್ಯಾಟ್, ಅಂಟಿ ನಿಲ್ಲುವ ಪೆಡಲ್, ಇವೆರಡಕ್ಕೂ ಕಂಪನಿ ಆಗಲೇ ಗಾಡಿಗಳನ್ನು ವಾಪಸು ಕರೆಸಿತ್ತು. ಉಳಿದ ಅನೇಕ ಪ್ರಕರಣಗಳಲ್ಲಿ ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನೇ ತುಳಿದಿರಬೇಕು ಎಂದು ಅಧಿಕಾರಿಗಳು ಹೇಳಿದರು. ಆದರೆ ಅದೇ ತನಿಖೆಯಲ್ಲಿ ಕೆಟ್ಟ ಒಂದು ಪೆಡಲ್ ಸೆನ್ಸರ್ ಬಿಚ್ಚಿದಾಗ ಒಳಗೆ ತವರದ ಕೂದಲು ಬೆಳೆದು ಎರಡು ಸಂಕೇತಗಳ ನಡುವೆ ಸೇತುವೆ ಕಟ್ಟಿದ್ದು ಸಿಕ್ಕಿತು. ತವರ ಬಳಿದ ಲೋಹದಿಂದ ತಾನಾಗಿ ಚಿಗುರುವ, ಬರಿಗಣ್ಣಿಗೆ ಕಾಣದ ಕೂದಲು. ಬೇರೆ ಬೇರೆ ಕೂತು ಲೆಕ್ಕ ಹಾಕಬೇಕಾದ ಇಬ್ಬರೂ ಒಳಗೊಳಗೇ ಮಾತಾಡಿಕೊಂಡ ಹಾಗೆ! ಭಾವ ಇದನ್ನು ಕೇಳಿ, "ಬ್ರೇಕ್ ಬದಲು ಅದನ್ನು ತುಳಿದವರನ್ನು ನಾನೂ ಕಂಡಿದ್ದೇನೆ. ತುಳಿದಿದ್ದರೆ ತುಳಿದಿದ್ದೇನೆ ಎಂದು ಯಂತ್ರ ಹೇಳಲಿ, ನನಗೇನು ಭಯ? ಕೇಳಬೇಕಲ್ಲ ಯಾರಾದರೂ ಅದನ್ನು," ಎಂದರು.

ನಮ್ಮ ಓದುಗರಲ್ಲಿ ಸ್ಟಿಯರಿಂಗ್ ಹಿಡಿದು ಹೊಟ್ಟೆ ಹೊರೆಯುವವರು ಬಹಳ ಮಂದಿ ಇರುವುದರಿಂದ, ಹುಡುಗ ಹೇಳಿದ ಕೆಲವನ್ನು ಬರೆಯುತ್ತೇವೆ. ಗಾಡಿ ಹೀಗೆ ಸೊರಗಿದರೆ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿದ ಮೇಲೆ, ಕೀ ಆರಿಸುವ ಮುನ್ನ, ಡ್ಯಾಶ್‌ಬೋರ್ಡಿನ ದೀಪ ಮತ್ತು ಓಡಿದ ಕಿಲೋಮೀಟರ್ ಕಾಣುವ ಹಾಗೆ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಆರಿಸಿದರೆ ದೀಪ ಹೋಗಬಹುದು, ಫೋಟೊ ಹೋಗದು. ಫೋಟೊಗೆ ಸಮಯ ತಾನಾಗಿ ಬಿದ್ದಿರುತ್ತದೆ. ಗ್ಯಾರೇಜಿನಲ್ಲಿ ಕೋಡ್ ಅಳಿಸುವ ಮುನ್ನ ಓದಿ ಬರೆದುಕೊಡಿ ಎಂದು ಸೂಪರ್‌ವೈಸರ್ ಮೂಲಕ ಕೇಳಿ, ಸಾಧ್ಯವಿದ್ದರೆ ವಾಟ್ಸಾಪಿನಲ್ಲಿ ಬರೆದು ಕೇಳಿ. ದೊಡ್ಡ ಲಾರಿಗಳಲ್ಲಿ ಕೋಡಿನ ಭಾಷೆ ಬೇರೆ: ಎಸ್‌ಪಿಎನ್ 91 ಎಂದರೆ ಆಕ್ಸಿಲರೇಟರ್ ಪೆಡಲ್, ಅದರ ಪಕ್ಕದ ಎಫ್‌ಎಂಐ 2 ಎಂದರೆ ಸಂಕೇತ ಅಡ್ಡಾದಿಡ್ಡಿ, 3 ಎಂದರೆ ವೋಲ್ಟ್ ಹೆಚ್ಚು, 4 ಎಂದರೆ ಕಡಿಮೆ. ಈ ಸಂಖ್ಯೆ ಚೀಟಿಯಲ್ಲಿ ಇದ್ದರೆ ನಿದ್ದೆಯ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. "ಪಿಕಪ್ ಇಲ್ಲ" ಎಂದಷ್ಟೇ ದೂರು ಬರೆಸಬೇಡಿ. ಎಷ್ಟು ವೇಗ, ಎಷ್ಟು ಹೊತ್ತು ಒಂದೇ ಹದದಲ್ಲಿ ಕಾಲಿತ್ತು, ಏರೋ ಸಮನೋ, ಕೀ ತಿರುಗಿಸಿದ ಮೇಲೆ ಸರಿಯಾಯಿತೋ, ಇದನ್ನೆಲ್ಲ ಹೇಳಿ. ರೋಗಿ "ಹೊಟ್ಟೆನೋವು" ಎಂದು ಸುಮ್ಮನಾದರೆ ನಾವು ಮಾತ್ರೆ ಕೊಡುವುದಿಲ್ಲವಷ್ಟೆ? ಇನ್ನು, ಕ್ಯಾಬಿನ್ ತೊಳೆಯುವವನಿಗೆ ಪೆಡಲಿನ ಬುಡಕ್ಕೆ ನೀರು ಬಿಡಬೇಡವೆನ್ನಿ. ಒದ್ದೆ ಬಟ್ಟೆ ಸಾಕು.

ಪೆಡಲ್ ಮತ್ತು ಸೆನ್ಸರ್ ಒಂದೇ ತುಂಡಾಗಿ ಬರುತ್ತದೆ, ಸೆನ್ಸರ್ ಮಾತ್ರ ಸಿಗದು. ಹೊಸದಕ್ಕೆ ಶೋರೂಮಿನಲ್ಲಿ 2,800 ಕ್ರೋನರ್ ಎಂದರು. ಹುಡುಗ ಊರ ಹೊರಗಿನ ಹಳೆಯ ಗಾಡಿ ಬಿಚ್ಚುವ ಅಂಗಡಿಗೆ ಕರೆದೊಯ್ದ. ಸೋಡರ್‌ಟೆಲ್ಯೆಯಲ್ಲಿ ತುರ್ಕಿ, ಸಿರಿಯಾ, ಇರಾಕಿನಿಂದ ಬಂದ ಅಸ್ಸೀರಿಯನ್ ಕ್ರೈಸ್ತರು ಬಹಳ. ಅಮೆರಿಕ ಮತ್ತು ಕೆನಡಾ ಎರಡೂ ಕೂಡಿ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಇರಾಕಿ ನಿರಾಶ್ರಿತರನ್ನು ನಮ್ಮ ಒಂದೇ ಊರು ತೆಗೆದುಕೊಂಡಿದೆ ಎಂದು ಅಲ್ಲಿನ ಮೇಯರ್ 2008ರಲ್ಲಿ ಅಮೆರಿಕದ ಸಂಸತ್ತಿನ ಮುಂದೆಯೇ ಹೇಳಿದ್ದರಂತೆ. ಅಂಗಡಿಯವನು ಮೊಸೂಲಿನವನು. ಮೂರು ದಿನದಿಂದ ಸ್ವೀಡಿಷ್ ಕೇಳಿ ಮೂಕರಾಗಿದ್ದ ಭಾವ "ಕಮ್ ಹಾದಾ?" ಎಂದು ಬಾಯಿ ತೆರೆದದ್ದೇ ತಡ, ಅವನು ಹುಡುಗನನ್ನು ಬಿಟ್ಟು ಭಾವನ ಕಡೆಗೇ ತಿರುಗಿದ. ಟ್ರೇಲರ್ ಕ್ಯಾಬಿನ್ನಿನ ಅರಬ್ಬಿ ಸ್ವೀಡನ್ನಿನಲ್ಲಿ ನಡೆಯಿತು. 900 ಎಂದದ್ದು ಚಹಾ ಮುಗಿಯುವಷ್ಟರಲ್ಲಿ 600ಕ್ಕೆ ಇಳಿಯಿತು. ಅದರ ಪಟ್ಟಿಯನ್ನೂ ಅಲ್ಲೇ ಕೂತು ಆಸಿಲೊಸ್ಕೋಪಿನಲ್ಲಿ ನೋಡಿಕೊಂಡೇ ದುಡ್ಡು ಕೊಟ್ಟೆವು. ಈ ಸಲ ಪೆಡಲ್ ಒತ್ತಿದ್ದು ಭಾವನೇ, ಐದು ನಿಮಿಷ.

ಮೂರು ನಟ್ಟು, ಒಂದು ಕನೆಕ್ಟರು. ಜೋಡಿಸಿ, ಕಾಲಿಡದೆ ಕೀ ಆನ್ ಮಾಡಿ ಸ್ವಲ್ಪ ಬಿಟ್ಟು, ಪೂರ್ತಿ ಒತ್ತಿ ಬಿಟ್ಟು, ಕೋಡ್ ಅಳಿಸಿ, ಮರುದಿನ ಟ್ರೋಸಾಕ್ಕೆ ಹೋಗಿ ಬಂದೆವು. ದೀಪ ಬರಲಿಲ್ಲ. ಟ್ರೋಸಾ ಚೆಂದದ ಊರು.

ಹಳೆಯ ಪೆಡಲನ್ನು ಹುಡುಗ ಕಸದ ಡಬ್ಬಿಗೆ ಹಾಕಲು ಹೊರಟಾಗ ಭಾವ ತಡೆದರು. ಹಾಳೆಯಲ್ಲಿ ಮುದ್ರಿಸಿದ ಆ ಎರಡು ಗೆರೆಯ ಚಿತ್ರದ ಜೊತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಈಗ ಅದು ಮುಸಫ್ಫಾದ ಕ್ಯಾಂಪಿನಲ್ಲಿ, ಅವರ ಮಂಚದ ತಲೆಯ ಬಳಿ ಕಿಟಕಿಯ ಮೇಲಿದೆ. ಸೆನ್ಸರಿನ ಮುಚ್ಚಳ ತೆಗೆದಿಟ್ಟಿದ್ದಾರೆ. ಕಪ್ಪು ಪಟ್ಟಿಯ ಮೇಲೆ, ಬುಡದಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿ, ಉಗುರಿನಿಂದ ಗೀರಿದ ಹಾಗೆ ಒಂದು ಬಿಳಿಯ ಗೆರೆ. ರಜೆಯ ದಿನ ಹೊಸ ಹುಡುಗರು ಬಂದು ನೋಡುತ್ತಾರೆ. ಹಿಡಿದ ಹಣ ವಾಪಸು ಬಂತಾ ಅಣ್ಣ ಎಂದು ಅವರಲ್ಲಿ ಒಬ್ಬ ಕೇಳಿದನಂತೆ. ಬರಲಿಲ್ಲ ಎಂದು ಹೇಳಿ, ಭಾವ ಅವನ ಬೆರಳು ಹಿಡಿದು ಸವೆದ ಜಾಗದ ಮೇಲೆ ಇಡಿಸಿದರು.